ಇಂಗ್ಲೆಂಡಿನ ಹಳೆಯ ರೈತರ ಮನೆಗಳಲ್ಲಿ ಒಂದೊಂದು ಭಾಗ ಒಂದೊಂದು ಕಾಲದ್ದು ಯಾಕೆ?

ಕೆಡವಿ ಹೊಸದಾಗಿ ಕಟ್ಟುವುದು ದುಬಾರಿ. ಹಾಗಾಗಿ ಇದ್ದ ಮನೆಗೇ ಸೇರಿಸುತ್ತಾ ಹೋದರು.

ಸ್ಟ್ರಾಟ್‌ಫರ್ಡ್ ಪಕ್ಕದ ಶಾಟರಿಯಲ್ಲಿರುವ, ಶೇಕ್ಸ್‌ಪಿಯರ್‌ನ ಹೆಂಡತಿ ಆನ್ ಹ್ಯಾಥವೇಯ ತವರುಮನೆಯನ್ನೇ ನೋಡಿ. ಅದರ ಹಳೆಯ ಭಾಗ 15ನೇ ಶತಮಾನದ್ದು. ಬಾಗಿದ ಓಕ್ ಮರದ ಜೋಡಿ ತೊಲೆಗಳು ಕೆಳಗಿನಿಂದ ಎದ್ದು ಮಾಡಿನ ತುದಿಯಲ್ಲಿ ಸೇರುತ್ತವೆ. ಮಾಡಿನ ಭಾರ ಹೊರುವುದು ಇವೇ, ಗೋಡೆಯಲ್ಲ. ಅದಕ್ಕೇ ಇಂಥ ಮನೆಗಳಲ್ಲಿ ಗೋಡೆ ಬದಲಿಸುವುದು, ಕಿಟಕಿ ಕೂರಿಸುವುದು ಅಷ್ಟು ಕಷ್ಟವಲ್ಲ.

ಮೊದಲು ನಡುಮನೆಗೆ ಅಟ್ಟವೇ ಇರಲಿಲ್ಲ. ನೆಲದ ಮೇಲೆ ಬೆಂಕಿ, ಹೊಗೆಯೆಲ್ಲ ಮೇಲಕ್ಕೆ. ಅಲ್ಲಿ ಮಲಗುವುದು ಹೇಗೆ, ಅಲ್ವಾ? ಚಿಮಣಿ ಬಂದ ಮೇಲೆ ಹೊಗೆಗೆ ಬೇರೆ ದಾರಿಯಾಯಿತು. ಆಗ ನಡುವೆ ಅಟ್ಟ ಹಾಕಿ ಮೇಲೆ ಕೋಣೆ ಮಾಡಿಕೊಂಡರು. ನನಗಂತೂ ಈ ಮನೆಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಕಾಣುವುದಿಲ್ಲ. ಬದುಕುವ ರೀತಿಯೇ ಬದಲಾಯಿತು.

17ನೇ ಶತಮಾನದಲ್ಲಿ ಮನೆ ಇನ್ನೂ ಉದ್ದವಾಯಿತು. 1892ರಲ್ಲಿ ಟ್ರಸ್ಟ್ ಒಂದು ಇದನ್ನು ಕೊಂಡಿತು. 1969ರಲ್ಲಿ ಬೆಂಕಿ ಬಿದ್ದು ಹಾನಿಯಾದಾಗ ರಿಪೇರಿ ಮಾಡಿದರು. ನೀವು ಹೋದರೆ ಹುಲ್ಲಿನ ಮಾಡು ನೋಡಿ ಸುಮ್ನೆ ಬರಬೇಡಿ, ಒಳಗಿನ ತೊಲೆಗಳನ್ನೂ ಚಿಮಣಿಯ ಜಾಗವನ್ನೂ ಗಮನಿಸಿ.