ಮನೆಯಲ್ಲೇ ಮೈಕ್, ಪ್ರೀಆಂಪ್ ಕಟ್ಟಿ ಅಜ್ಜಿಯ ಹಾಡು ರೆಕಾರ್ಡ್ ಮಾಡಬಹುದೇ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ನೀವು ಪ್ಲಸ್ ಟು ಓದುತ್ತಿದ್ದೀರಿ, ಮನೆ ಕಾಸರಗೋಡಿನ ಮುಳ್ಳೇರಿಯದ ಕಡೆ. ಅಜ್ಜಿ ಹಾಡುವ ಶೋಭಾನೆಗಳನ್ನು ಚೆನ್ನಾಗಿ ರೆಕಾರ್ಡ್ ಮಾಡಿಡಬೇಕು. ಒಳ್ಳೆಯ ಮೈಕ್ ಕೊಳ್ಳುವಷ್ಟು ದುಡ್ಡಿಲ್ಲ. ಹಾಗಾಗಿ ಮೈಕ್, ಅದರ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಪ್ರೀಆಂಪ್, ಹಲವು ಮೈಕುಗಳ ಸ್ವರ ಬೆರೆಸುವ ಮಿಕ್ಸರ್ ಎಲ್ಲವನ್ನೂ ಮನೆಯಲ್ಲೇ ಕಟ್ಟಬಹುದೇ ಎಂದು ಕೇಳಿದ್ದೀರಿ.

ಕಟ್ಟಬಹುದು. ಆದರೆ ಎಲ್ಲವನ್ನೂ ಬೇಡ. ಅಜ್ಜಿಯ ಸ್ವರಕ್ಕೆ ಏನು ಬೇಕೋ ಅಷ್ಟನ್ನೇ ಕಟ್ಟಿ.

ನಾನು ಬದಿಯಡ್ಕದ ಹತ್ತಿರದವನು. ನನ್ನ ಅಜ್ಜ ಮದ್ದಳೆ ನುಡಿಸುತ್ತಿದ್ದರು. ಅವರದ್ದನ್ನು ರೆಕಾರ್ಡ್ ಮಾಡಬೇಕು ಅಂತಲೇ ನಾನು ಈ ಕೆಲಸಕ್ಕೆ ಇಳಿದದ್ದು. ಆದರೆ ಮೊದಲು ಕೈ ಹಾಕಿದ್ದು ಎಂಟು ಚಾನೆಲ್‌ನ ಮಿಕ್ಸರಿಗೆ. ಒಂದು ವರ್ಷ ಅದರಲ್ಲೇ ಹೋಯಿತು. ಅಷ್ಟರಲ್ಲಿ ಅಜ್ಜನ ಬಲಗೈ ಸೋತಿತ್ತು. ಕೊನೆಗೆ ಒಂದೇ ಒಂದು ಮೈಕ್ ಮಾಡಿ, ಒಂದು ಸಂಜೆ ಚಾವಡಿಯಲ್ಲಿ ಕೂರಿಸಿ ನಲವತ್ತು ನಿಮಿಷ ರೆಕಾರ್ಡ್ ಮಾಡಿದೆ. ಅದರ ತುಂಬಾ ಗುಂಯ್ ಅನ್ನುವ ಸದ್ದು. ಸರಿಮಾಡಿ ಇನ್ನೊಮ್ಮೆ ಮಾಡೋಣ ಅಂದುಕೊಂಡೆ. ಮರುವರ್ಷ ಅಜ್ಜ ತೀರಿಕೊಂಡರು. ಈಗ ನನ್ನ ಹತ್ತಿರ ಇರುವುದು ಆ ನಲವತ್ತು ನಿಮಿಷ ಮಾತ್ರ.

ಅದಕ್ಕೇ ಮೊದಲು ಮೈಕ್. ಬೇಕಾದದ್ದು ಎಲೆಕ್ಟ್ರೆಟ್ ಕ್ಯಾಪ್ಸೂಲ್. ಕಡಲೆಕಾಳಿನಷ್ಟು ಗಾತ್ರ, ಹತ್ತಿಪ್ಪತ್ತು ರೂಪಾಯಿಗೂ ಸಿಗುತ್ತದೆ. ಬೆಲೆ ನೋಡಿ ಕಡೆಗಣಿಸಬೇಡಿ. 1962ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಸೇರಿ ಮಾಡಿದ ಮೈಕ್ ಇದು. ಒಳಗೆ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ. ಅದರಲ್ಲಿ ವಿದ್ಯುತ್ ಚಾರ್ಜ್ ಶಾಶ್ವತವಾಗಿ ನಿಂತಿರುತ್ತದೆ. ಸ್ವರಕ್ಕೆ ಪೊರೆ ಅದುರಿದಾಗ ವೋಲ್ಟೇಜ್ ಏರಿಳಿಯುತ್ತದೆ. ಒಳಗಿರುವ ಪುಟ್ಟ ಟ್ರಾನ್ಸಿಸ್ಟರ್ ಅದನ್ನು ಹೊರಗೆ ದಾಟಿಸುತ್ತದೆ. ಆ ಟ್ರಾನ್ಸಿಸ್ಟರಿಗೆ ಬೇಕಾಗಿಯೇ ನಾವು ಬ್ಯಾಟರಿ ಕೊಡುವುದು.

ಸರ್ಕ್ಯೂಟ್ ಇಷ್ಟೇ. 9 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ 4.7 ಕಿಲೋಓಮ್ ರೆಸಿಸ್ಟರ್ ಮೂಲಕ ಕ್ಯಾಪ್ಸೂಲಿನ ಪ್ಲಸ್‌ಗೆ ಬನ್ನಿ. ಅವೆರಡು ಸೇರುವ ಜಾಗದಿಂದ 2.2 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಔಟ್‌ಪುಟ್. ಕ್ಯಾಪ್ಸೂಲಿನ ಮೈನಸ್, ಬ್ಯಾಟರಿಯ ಮೈನಸ್, ಕೇಬಲ್ಲಿನ ಜಾಲರಿ, ಮೂರೂ ಒಂದೇ ಕಡೆ. ಮೈನಸ್ ಯಾವುದೆಂದು ಕ್ಯಾಪ್ಸೂಲಿನ ಹಿಂಭಾಗ ನೋಡಿದರೆ ಗೊತ್ತಾಗುತ್ತದೆ. ಲೋಹದ ಹೊರಕವಚಕ್ಕೆ ತಾಗಿರುವ ಕಾಲೇ ಮೈನಸ್. ಈ ಮೈಕ್ ಅರ್ಧ ಮಿಲಿಆಂಪಿಯರ್ ಕೂಡ ಎಳೆಯುವುದಿಲ್ಲ. ಒಂದು ಬ್ಯಾಟರಿ ನೂರಾರು ಗಂಟೆ ಬರುತ್ತದೆ. ಬೆಸುಗೆ ಹಾಕುವಾಗ ಮಾತ್ರ ಕ್ಯಾಪ್ಸೂಲಿಗೆ ಬಿಸಿ ಜಾಸ್ತಿ ತಾಗಬಾರದು. ಎರಡು ಸೆಕೆಂಡು, ಅಷ್ಟೇ. ಮೊದಲು ಹಳೆಯ ರೇಡಿಯೋ ಬೋರ್ಡಿನ ಮೇಲೆ ಕೈ ಪಳಗಿಸಿಕೊಳ್ಳಿ.

ಕಡಿಮೆ ಬೆಲೆಯ ಕ್ಯಾಪ್ಸೂಲಿನಲ್ಲಿ ಒಂದು ತೊಂದರೆ ಇದೆ, ತನ್ನದೇ ಆದ ಒಂದು ಸಣ್ಣ ಶ್‌ಶ್ ಸದ್ದು. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಅದು ಸುಮಾರು 30 ಡೆಸಿಬೆಲ್‌ಗಿಂತ ಮೇಲೆಯೇ ಇರುತ್ತದೆ. ಚೆಂಡೆಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ವಯಸ್ಸಾದ ಅಜ್ಜಿ ಮೆಲ್ಲಗೆ ಹಾಡುವಾಗ ಕೇಳಿಸುತ್ತದೆ. ಜಪಾನಿನ ಪ್ರಿಮೊ ಕಂಪನಿಯ ಇಎಂ272 ಕ್ಯಾಪ್ಸೂಲಿನಲ್ಲಿ ಅದು 14 ಡೆಸಿಬೆಲ್ ಮಾತ್ರ. ಬೆಲೆ ಜಾಸ್ತಿ, ತರಿಸಿಕೊಳ್ಳಬೇಕು. ಅದಾಗದಿದ್ದರೆ ಒಂದೇ ಜಾತಿಯ ನಾಲ್ಕು ಅಗ್ಗದ ಕ್ಯಾಪ್ಸೂಲುಗಳನ್ನು ಅಕ್ಕಪಕ್ಕ ಒತ್ತಾಗಿ ಕೂರಿಸಿ ಅವುಗಳ ಸಿಗ್ನಲ್ ಕೂಡಿಸಿ. ಸ್ವರ ನಾಲ್ಕರಲ್ಲೂ ಒಂದೇ ಆದ್ದರಿಂದ ನಾಲ್ಕು ಪಟ್ಟು ಆಗುತ್ತದೆ. ಶ್‌ಶ್ ಸದ್ದು ಒಂದೊಂದರದ್ದು ಒಂದೊಂದು ತರ, ಹಾಗಾಗಿ ಎರಡೇ ಪಟ್ಟು ಆಗುತ್ತದೆ. ಅಂದರೆ 6 ಡೆಸಿಬೆಲ್ ಲಾಭ. ನಾನು ಈಗಲೂ ಬಳಸುವ ಮೈಕ್ ಇಂಥದ್ದೇ.

ಇನ್ನು ಗುಂಯ್ ಸದ್ದಿನ ವಿಷಯ. ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಮನೆಯಲ್ಲಿ ಕಟ್ಟುವವರೆಲ್ಲ ಸೋಲುವುದು ಇಲ್ಲೇ. ನಮ್ಮ ಮನೆಯ ಕರೆಂಟು 50 ಹರ್ಟ್ಸ್. ಗೋಡೆಯೊಳಗಿನ ಪ್ರತಿ ವಯರಿನ ಸುತ್ತಲೂ ಅದರ ವಿದ್ಯುತ್ ಕ್ಷೇತ್ರ ಹರಡಿರುತ್ತದೆ, ಮೈಕಿನ ಸರ್ಕ್ಯೂಟ್ ಅದನ್ನು ಹಿಡಿದುಕೊಂಡಾಗ ಗುಂಯ್ ಸದ್ದಾಗುತ್ತದೆ. ಮೈಕಿನ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಅದರ ಪಕ್ಕದಲ್ಲಿ ಈ ಸದ್ದು ಆನೆ ಇದ್ದ ಹಾಗೆ. ಅಜ್ಜನ ರೆಕಾರ್ಡಿಂಗ್ ಆದಮೇಲೆ ನಾನು ಸರ್ಕ್ಯೂಟನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ತಪ್ಪು ಅಲ್ಲಿರಲೇ ಇಲ್ಲ. ನಾನು ಅದನ್ನು ಪ್ಲಾಸ್ಟಿಕ್ಕಿನ ಸೋಪು ಡಬ್ಬದಲ್ಲಿ ಇಟ್ಟಿದ್ದೆ. ಪ್ಲಾಸ್ಟಿಕ್ ಏನನ್ನೂ ತಡೆಯುವುದಿಲ್ಲ. ತಗಡಿನ ಡಬ್ಬಕ್ಕೆ ಹಾಕಿ, ಡಬ್ಬವನ್ನೇ ಸರ್ಕ್ಯೂಟಿನ ಮೈನಸ್‌ಗೆ ಸೇರಿಸಿದೆ. ಸದ್ದು ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಲ್ಯಾಪ್‌ಟಾಪ್ ಚಾರ್ಜರಿನಿಂದ ಬರುತ್ತಿತ್ತು. ಅದನ್ನು ಕಿತ್ತು ಬ್ಯಾಟರಿಯಲ್ಲೇ ನಡೆಸಿದಾಗ ಪೂರ್ತಿ ಮೌನ. ಆ ರಾತ್ರಿ ಇಯರ್‌ಫೋನಿನಲ್ಲಿ ಮೊದಲ ಬಾರಿಗೆ ತೋಟದ ಜೀರುಂಡೆಗಳನ್ನು ಸ್ಪಷ್ಟವಾಗಿ ಕೇಳಿದೆ. ಖುಷಿ, ದುಃಖ ಎರಡೂ ಆಯಿತು.

ಕಂಪ್ಯೂಟರಿನಲ್ಲಿ ಆಮೇಲೆ ತೆಗೆಯಬಹುದಲ್ವಾ ಅಂತ ಕೇಳಬಹುದು. 50 ಹರ್ಟ್ಸ್ ಒಂದೇ ಆಗಿದ್ದರೆ ತೆಗೆಯಬಹುದಿತ್ತು. ಅದರ ಬೆನ್ನಿಗೆ 100, 150, 200 ಹೀಗೆ ಸಾಲಾಗಿ ಬರುತ್ತವೆ. ಅವನ್ನೆಲ್ಲ ಕತ್ತರಿಸಿದರೆ ಮದ್ದಳೆಯ ನಾದವೂ ಜೊತೆಗೇ ಹೋಗುತ್ತದೆ. ನಾನು ಮಾಡಿ ನೋಡಿದ್ದೇನೆ.

ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ, ಅಥವಾ ಬೇರೆ ಕೋಣೆಯಲ್ಲಿಡಿ. ನಮ್ಮ ಗುಡ್ಡದ ಊರುಗಳಲ್ಲಿ ಸಿಗ್ನಲ್ ಆಗಾಗ 2ಜಿಗೆ ಇಳಿಯುತ್ತದೆ. ಆಗ ಫೋನು ಸೆಕೆಂಡಿಗೆ 217 ಸಲ ಮಿಡಿಯುತ್ತದೆ. ಮೈಕಿನಲ್ಲಿ ಅದು ಟರ್‌ರ್ ಟರ್‌ರ್ ಅಂತ ಕೇಳುತ್ತದೆ.

ಪ್ರೀಆಂಪ್ ಬೇಕೇ? ನೀವು ಬಳಸುವ ಆಡಿಯೋ ಇಂಟರ್‌ಫೇಸಿನಲ್ಲಿ, ಅಂದರೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಲ್ಲಿ, ಮೈಕ್ ಇನ್‌ಪುಟ್ ಇದ್ದರೆ ಸದ್ಯಕ್ಕೆ ಬೇಡ. ಕಟ್ಟಲೇಬೇಕು ಅನ್ನಿಸಿದರೆ ಎನ್‌ಇ5532 ಐಸಿ ತೆಗೆದುಕೊಳ್ಳಿ. ಅಗ್ಗ, ಸದ್ದು ಕಡಿಮೆ. ಎರಡು 9 ವೋಲ್ಟ್ ಬ್ಯಾಟರಿ ಜೋಡಿಸಿ ಪ್ಲಸ್-ಮೈನಸ್ ಸಪ್ಲೈ ಕೊಡಿ. ಐಸಿಯ ಕಾಲುಗಳ ಬುಡದಲ್ಲೇ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಲು ಮರೆಯಬೇಡಿ. ಎಲ್‌ಎಂ386 ಹಾಕಿ ಅಂತ ಯಾರಾದರೂ ಹೇಳಿದರೆ ಬೇಡ. ಅದು ಸಣ್ಣ ಸ್ಪೀಕರ್ ನಡೆಸಲು ಇರುವ ಐಸಿ.

ಇಂಟರ್‌ಫೇಸನ್ನು ಮಾತ್ರ ಕೊಂಡುಕೊಳ್ಳಿ. ಯಾರೋ ಬಳಸಿದ ಎರಡು ಚಾನೆಲ್ಲಿನದ್ದು ಸಿಕ್ಕಿದರೂ ಸಾಕು. ಸ್ವರವನ್ನು ಅಂಕೆಗಳಾಗಿ ಬದಲಿಸುವ ಆ ಕೆಲಸವನ್ನು ಮನೆಯಲ್ಲಿ ಅಷ್ಟು ಚೆನ್ನಾಗಿ ಮಾಡುವುದು ಕಷ್ಟ. ಹೆಡ್‌ಫೋನ್ ಕೂಡ ಕೊಳ್ಳಿ. ಒಂದು ಎಚ್ಚರ: ಇಂಟರ್‌ಫೇಸಿನಲ್ಲಿ 48 ವೋಲ್ಟಿನ ಫ್ಯಾಂಟಮ್ ಪವರ್ ಬಟನ್ ಇರುತ್ತದೆ, ಕೇಬಲ್ ಮೂಲಕವೇ ಮೈಕಿಗೆ ವೋಲ್ಟೇಜ್ ಕೊಡುವಂಥದ್ದು. ನಾನು ಹೇಳಿದ ಬ್ಯಾಟರಿ ಮೈಕ್ ಹಾಕುವಾಗ ಅದು ಆಫ್ ಇರಲೇಬೇಕು. ಇಲ್ಲದಿದ್ದರೆ ಕ್ಯಾಪ್ಸೂಲ್ ಸುಟ್ಟುಹೋಗಬಹುದು. ಹಾಗೆಯೇ 230 ವೋಲ್ಟಿನ ಪವರ್ ಸಪ್ಲೈ, ವಾಲ್ವ್ ಆಂಪ್ಲಿಫೈಯರ್ ಇವುಗಳ ಹತ್ತಿರ ಈಗಲೇ ಹೋಗಬೇಡಿ. ಸ್ವಿಚ್ ತೆಗೆದ ಮೇಲೂ ಅವುಗಳ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಪೀಜೋ ಬಿಲ್ಲೆಯ ಬಗ್ಗೆಯೂ ಕೇಳಿದ್ದೀರಿ, ವಾದ್ಯಕ್ಕೆ ಅಂಟಿಸಿದರೆ ಅದರ ಅದುರುವಿಕೆಯನ್ನು ವೋಲ್ಟೇಜ್ ಮಾಡುವ ಬಿಲ್ಲೆ ಅದು. ಅಜ್ಜಿಯ ಹಾಡಿಗೆ ಅದು ಬೇಡ. ವೀಣೆ, ತಂಬೂರಿಗೆ ಒಳ್ಳೆಯದು. ನನ್ನ ಚಿಕ್ಕಮ್ಮನ ವೀಣೆಗೆ 27 ಮಿಲಿಮೀಟರಿನ ಬಿಲ್ಲೆ ಅಂಟಿಸಿ ನೇರ ಮಿಕ್ಸರಿಗೆ ಕೊಟ್ಟಾಗ ಸ್ವರ ತಗಡಿನ ಹಾಗೆ ಬಂತು. ಬಿಲ್ಲೆ ಸರಿಯಿಲ್ಲ ಅಂದುಕೊಂಡೆ. ಕಾರಣ ಬೇರೆ. ಆ ಬಿಲ್ಲೆ ಸುಮಾರು 20 ನ್ಯಾನೊಫ್ಯಾರಡ್ ಕೆಪಾಸಿಟರ್ ಇದ್ದ ಹಾಗೆ. ಅದನ್ನು ಮಿಕ್ಸರಿನ 10 ಕಿಲೋಓಮ್ ಇನ್‌ಪುಟ್ಟಿಗೆ ಕೊಟ್ಟರೆ 800 ಹರ್ಟ್ಸ್‌ಗಿಂತ ಕೆಳಗಿನದ್ದೆಲ್ಲ ಇಳಿದುಹೋಗುತ್ತದೆ. ಗಂಡಸರು ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಹಾಡಿದರೆ ಷಡ್ಜ ಇರುವುದೇ ಸುಮಾರು 139 ಹರ್ಟ್ಸ್‌ನಲ್ಲಿ. ಅಂದಮೇಲೆ ಸ್ವರದ ಬುಡವೇ ಹೋದ ಹಾಗೆ. ನಡುವೆ 1 ಮೆಗಾಓಮ್ ಇನ್‌ಪುಟ್ ಇರುವ ಬಫರ್, ಅಂದರೆ ಸಿಗ್ನಲನ್ನು ಕುಗ್ಗಿಸದೆ ಮುಂದೆ ದಾಟಿಸುವ ಸಣ್ಣ ಸರ್ಕ್ಯೂಟ್, ಹಾಕಿದೆ. ಟಿಎಲ್072 ಐಸಿಯಲ್ಲಿ ಮಾಡಿದ್ದು. ಇಳಿತ 8 ಹರ್ಟ್ಸ್‌ಗೆ ಹೋಯಿತು. ವೀಣೆ ವೀಣೆಯ ಹಾಗೆ ಕೇಳಿತು. ಬೇಕಾದ ಸ್ವರ ಯಾವುದೆಂದು ಗೊತ್ತಿದ್ದವರ ಕೈಯಲ್ಲೇ ಸರಿಯಾದ ಉಪಕರಣ ಆಗುತ್ತದೆ ಅಂತ ನನಗೆ ಅನ್ನಿಸುವುದು ಇದಕ್ಕೇ. ಎಲೆಕ್ಟ್ರಾನಿಕ್ ತಂಬೂರಿ ಮಾಡಿದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ನುಡಿಸುವವರು.

ಈಗ ಜಾಗ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಲು ಹೋಗಬೇಡಿ. ಅದು ತೀರಾ ತೆಳು. 100 ಹರ್ಟ್ಸಿನ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದ ಇರುತ್ತದೆ. ಅದನ್ನು ಹೀರಲು ದಪ್ಪ ಬೇಕು. ಹತ್ತಿಯ ಹಾಸಿಗೆಗಳನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದರೆ ಎಷ್ಟೋ ಉತ್ತಮ. ನಿಮ್ಮಲ್ಲಿ ಅಡಿಕೆ ಇದ್ದರೆ ಇನ್ನೂ ಸುಲಭ. ಉಪ್ಪರಿಗೆಯಲ್ಲಿ ಗೋಣಿಚೀಲ ಪೇರಿಸಿದ ಕೋಣೆ ಇರುತ್ತದಲ್ವಾ, ಅಲ್ಲಿ ಹೋಗಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಪ್ರತಿಧ್ವನಿಯೇ ಬರುವುದಿಲ್ಲ. ಮನೆಯ ಎಲ್ಲ ಕೋಣೆಗಳಲ್ಲಿ ಮಾಡಿ ನೋಡಿದ ಮೇಲೆ ನಾನು ಅಲ್ಲಿಯೇ ನಿಂತದ್ದು. ಅಜ್ಜಿಗೆ ಮೆಟ್ಟಿಲು ಹತ್ತಲಾಗದಿದ್ದರೆ ಅವರು ದಿನಾ ಕೂರುವ ಜಾಗಕ್ಕೇ ಹಾಸಿಗೆ ತನ್ನಿ. ಅವರನ್ನು ಎಬ್ಬಿಸಬೇಡಿ. ಪರಿಚಯದ ಜಾಗದಲ್ಲಿ ಹಾಡು ತಾನಾಗಿ ಬರುತ್ತದೆ.

ಮಳೆಗಾಲ ನಮಗೆ ದೊಡ್ಡ ಕಷ್ಟ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತು, ಮನೆಮನೆಯಲ್ಲಿ ವೇಷವಿಲ್ಲದೆ ಕೂತು ನಡೆಸುವ ತಾಳಮದ್ದಳೆ ಶುರುವಾಗುವ ಹೊತ್ತಿಗೇ ಹಂಚಿನ ಮೇಲೆ ಮಳೆಯೂ ಶುರು. ಆ ಸದ್ದನ್ನು ಯಾವ ಹಾಸಿಗೆಯೂ ತಡೆಯುವುದಿಲ್ಲ. ಮೈಕನ್ನು ಬಾಯಿಯ ಹತ್ತಿರ, ಸುಮಾರು ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡುವುದೊಂದೇ ದಾರಿ. ತೇವಕ್ಕೆ ಬೆಸುಗೆ, ಜ್ಯಾಕ್‌ಗಳಲ್ಲಿ ಕಿಲುಬು ಹಿಡಿಯುತ್ತದೆ. ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ನಿಮ್ಮದೇ ಕೈಯ ಬೆಸುಗೆಯಾದರೆ ಹಾಳಾದಾಗ ಮಂಗಳೂರಿಗೆ ಓಡಬೇಕಿಲ್ಲ, ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ.

ಸ್ಟ್ಯಾಂಡಿಗೆ ಅಡಿಕೆ ಮರದ ಸಲಾಕೆ ಸಾಕು. ಮೈಕನ್ನು ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೂಗುಹಾಕಿ. ನೆಲದ ಹೆಜ್ಜೆ ಸದ್ದು ಒಳಗೆ ಬರುವುದಿಲ್ಲ. ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಉಚಿತ. 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಅತಿ ಗಟ್ಟಿಯಾದ ಸ್ವರವೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲಲಿ.

ಇದೆಲ್ಲ ಸೇರಿಸಿ, ಇಂಟರ್‌ಫೇಸ್ ಮತ್ತು ಹೆಡ್‌ಫೋನ್ ಬಿಟ್ಟರೆ, ಸಾಮಾನ್ಯ ಕ್ಯಾಪ್ಸೂಲಿನಲ್ಲಿ ನನಗೆ ಸಾವಿರ ರೂಪಾಯಿ ದಾಟಿಲ್ಲ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಎರಡೂ ಅದರಲ್ಲೇ ಬಂದವು.

ಆದರೆ ಮೈಕ್ ಆಗಲಿ ಅಂತ ಕಾಯಬೇಡಿ. ಈ ಭಾನುವಾರವೇ ಫೋನಿನಲ್ಲಿ ಅಜ್ಜಿಯ ಹಾಡು ಹಿಡಿದಿಡಿ. ಶುರುವಿನಲ್ಲಿ ನೀವೇ ತಾರೀಕು, ಊರು, ಅಜ್ಜಿಯ ಹೆಸರು ಹೇಳಿ. ಈ ಹಾಡು ಯಾರಿಂದ ಕಲಿತಿರಿ, ಮದುವೆಯ ಯಾವ ಹೊತ್ತಿಗೆ ಹಾಡುತ್ತಿದ್ದಿರಿ ಅಂತ ಅವರನ್ನು ಕೇಳಿ. ಮೈಕ್ ತಯಾರಾದ ದಿನ ಅದೇ ಹಾಡನ್ನು ಇನ್ನೊಮ್ಮೆ ಹಾಡಿಸಿ. ಬೆಸುಗೆ ಹಾಕುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸರ್ಕ್ಯೂಟಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.