ಸ್ಟಾರ್ ಕ್ಯಾಸಲ್ ತಗೊಳ್ಳುವ ಮುಂಚೆ ಇಷ್ಟು ನೋಡಿ

ಸರ್, ಸ್ಯಾನ್ ಡಿಯಾಗೋದಲ್ಲಿ ಹಳೇ ಸ್ಟಾರ್ ಕ್ಯಾಸಲ್ ಆರ್ಕೇಡ್ ಮೆಷಿನ್ (ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್) ಮಾರಾಟಕ್ಕಿದೆ, ತಗೊಳ್ಳಲಾ, ಅದನ್ನು ಮಾಡಿದ ಸಿನೆಮಾಟ್ರಾನಿಕ್ಸ್ ಕಂಪನಿ ಏನಾಯ್ತು ಅಂತ ಕೇಳಿದ್ದೀರಿ. ತಗೊಳ್ಳಿ. ಆದರೆ ಆನ್ ಮಾಡಿಸಿ ನೋಡದೆ ದುಡ್ಡು ಕೊಡಬೇಡಿ.

ಆ ಕಂಪನಿ ನಿಮ್ಮ ಪಕ್ಕದ ಎಲ್ ಕಹೋನ್‌ನದ್ದೇ. ಶುರುವಾಗಿದ್ದು 1975ರಲ್ಲಿ. ಹೆಸರು ಮಾಡಿದ್ದು 1977ರಲ್ಲಿ, ಲ್ಯಾರಿ ರೋಸೆಂತಾಲ್ ಮಾಡಿದ ಸ್ಪೇಸ್ ವಾರ್ಸ್ ಆಟದಿಂದ. ಆರ್ಕೇಡ್‌ನ ಮೊದಲ ವೆಕ್ಟರ್ ಆಟ, ಅಂದರೆ ಗೆರೆಗಳಲ್ಲೇ ಚಿತ್ರ ಬಿಡಿಸುವ ಆಟ ಅದು. ಮಾಮೂಲಿ ಟಿವಿಯಲ್ಲಿ ಕಿರಣ ಇಡೀ ಪರದೆ ಮೇಲೆ ಸಾಲುಸಾಲಾಗಿ ಓಡುತ್ತದೆ. ಇದರಲ್ಲಿ ಗೆರೆ ಬೇಕಾದ ಕಡೆಗಷ್ಟೇ ಹೋಗುತ್ತದೆ, ರಂಗೋಲಿ ಎಳೆ ಬಿಟ್ಟ ಹಾಗೆ. ಅದಕ್ಕೇ ಅಷ್ಟು ಚೂಪಾಗಿ ಹೊಳೆಯೋದು.

ಆಗಿನ ಮೈಕ್ರೋಪ್ರೊಸೆಸರ್‌ಗಳಿಗೆ ಆ ವೇಗ ಇರಲಿಲ್ಲ. ಹಾಗಾಗಿ ರೋಸೆಂತಾಲ್ ಟಿಟಿಎಲ್ ಅನ್ನೋ ಸಣ್ಣ ಸರಳ ಲಾಜಿಕ್ ಚಿಪ್‌ಗಳನ್ನೇ ಜೋಡಿಸಿ ಪ್ರೊಸೆಸರ್ ಕಟ್ಟಿದರು. ಆಮೇಲೆ ಕಂಪನಿ ಬಿಟ್ಟು ವೆಕ್ಟರ್‌ಬೀಮ್ ಅಂತ ತಮ್ಮದೇ ಕಂಪನಿ ಮಾಡಿದರು. ಕೋರ್ಟ್ ಜಗಳವೂ ಆಯ್ತು, ಕೊನೆಗೆ ಸಿನೆಮಾಟ್ರಾನಿಕ್ಸ್ ಅದನ್ನೇ ಕೊಂಡುಕೊಂಡಿತು. 1980ರ ಸ್ಟಾರ್ ಕ್ಯಾಸಲ್ ವಿನ್ಯಾಸ ಟಿಮ್ ಸ್ಕೆಲ್ಲಿ ಅವರದು. ಅದೇ ವರ್ಷದ ರಿಪ್-ಆಫ್ ಕೂಡ ಅವರದೇ. ಇಬ್ಬರು ಸೇರಿಕೊಂಡು ಆಡುವ ಆಟ. ನನಗೆ ಇವತ್ತಿಗೂ ಅದೇ ಜಾಸ್ತಿ ಇಷ್ಟ.

ಇನ್ನು ನಿಮ್ಮ ಮೆಷಿನ್. ಒಳಗಿನ ಸರ್ಕ್ಯೂಟ್ ಬೋರ್ಡ್ ಕೆಟ್ಟರೆ ಒಂದು ಚಿಪ್ ಬದಲಾಯಿಸಿ ಮುಗಿಸುವ ಹಾಗಿಲ್ಲ. ಅಷ್ಟೂ ಟಿಟಿಎಲ್‌ಗಳಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಬೇಕು. ಚಿಪ್ ಸಿಗುತ್ತದೆ, ತಾಳ್ಮೆ ಸಿಗಲ್ಲ! ಬೋರ್ಡಿಗಿಂತ ಮಾನಿಟರ್ ದೊಡ್ಡ ತಲೆನೋವು. ಆನ್ ಮಾಡಿದಾಗ ಗೆರೆಗಳ ಬದಲು ಒಂದೇ ಪ್ರಖರ ಚುಕ್ಕೆ ನಿಂತರೆ ತಕ್ಷಣ ಆಫ್ ಮಾಡಿ. ಅಲ್ಲೇ ಪರದೆ ಒಳಗಿನ ಫಾಸ್ಫರ್ (ಹೊಳೆಯುವ ಲೇಪನ) ಸುಟ್ಟು ಕಲೆ ಉಳಿಯುತ್ತದೆ. ಆಫ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬ್‌ನಲ್ಲಿ ಹೈ ವೋಲ್ಟೇಜ್ ಇರುತ್ತದೆ, ಗೊತ್ತಿದ್ದವರು ಡಿಸ್‌ಚಾರ್ಜ್ ಮಾಡದೆ ಕೈ ಹಾಕಬೇಡಿ. ಪರದೆ ಮುಂದೆ ಬಣ್ಣದ ಹಾಳೆ ಇದೆಯಾ ನೋಡಿ. ಮಾನಿಟರ್ ಕಪ್ಪು-ಬಿಳುಪು, ಆಟದಲ್ಲಿ ಕೋಟೆ ಸುತ್ತ ಕಾಣುವ ಉಂಗುರಗಳ ಬಣ್ಣವೆಲ್ಲ ಆ ಹಾಳೆಯದ್ದೇ. ನಾನೊಮ್ಮೆ ಅವಸರದಲ್ಲಿ ಹಾಳೆ ಇಲ್ಲದ ಮೆಷಿನ್ ತಂದು ಬೇಜಾರು ಮಾಡಿಕೊಂಡಿದ್ದೆ.

ಕಂಪನಿ 1982ರಲ್ಲೇ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತ್ತು. ಮರುವರ್ಷ ಡ್ರ್ಯಾಗನ್ಸ್ ಲೇರ್ ಅನ್ನೋ ಆಟ ಕೈಹಿಡಿಯಿತು. ಡಾನ್ ಬ್ಲೂತ್ ಅವರ ಅನಿಮೇಶನ್, ಲೇಸರ್ ಡಿಸ್ಕ್ ಮೇಲೆ. 25 ಸೆಂಟ್ಸ್ ಆಟಗಳ ಮಧ್ಯೆ ಇದಕ್ಕೆ 50 ಸೆಂಟ್ಸ್, ಆದರೂ ಜನ ಮುಗಿಬಿದ್ದರು. ಆದರೆ ದೃಶ್ಯ ಹುಡುಕಿ ಹುಡುಕಿ ಡಿಸ್ಕ್ ಪ್ಲೇಯರ್‌ಗಳೇ ಸುಸ್ತಾದವು. ಆಟ ಒಮ್ಮೆ ಬಾಯಿಪಾಠ ಆದರೆ ಮತ್ತೆ ಆಡೋಕೆ ಏನಿದೆ, ಅಲ್ವಾ? ಆ ಅಲೆ ಬೇಗ ಇಳಿಯಿತು. 1987ರಲ್ಲಿ ಟ್ರೇಡ್‌ವೆಸ್ಟ್ ಅನ್ನೋ ಕಂಪನಿ ಸಿನೆಮಾಟ್ರಾನಿಕ್ಸನ್ನು ಕೊಂಡು ಲೆಲ್ಯಾಂಡ್ ಅಂತ ಹೆಸರು ಬದಲಿಸಿತು, 1994ರಲ್ಲಿ ಅದೂ ಡಬ್ಲ್ಯೂಎಮ್‌ಎಸ್ ಅನ್ನೋ ಇನ್ನೊಂದು ಕಂಪನಿ ಪಾಲಾಯ್ತು. ಹಾಗಾಗಿ ಬಿಡಿಭಾಗಕ್ಕೆ ಕಂಪನಿ ಹುಡುಕಬೇಡಿ, ಹವ್ಯಾಸಿಗಳನ್ನೇ ಕೇಳಿ.

ನೋಡೋಕೆ ಹೋದಾಗ ಬೋರ್ಡಿನ ಎರಡೂ ಬದಿಯ ಫೋಟೋ ಇಲ್ಲಿ ಹಾಕಿ. ಹಳೇ ಬೆಸುಗೆ ಕೆಲಸ ಎಲ್ಲಿ ಆಗಿದೆ ಅಂತ ನೋಡಿ ಹೇಳುತ್ತೇನೆ.