'ಅದೂ ಇಂಗ್ಲಿಷೇ ಅಲ್ವಾ?'

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: 'ಇಂಗ್ಲಿಷ್ ಎಂ.ಎ. ಮುಗಿಸಿದ್ದೇನೆ. ಗ್ಲಾಸ್ಗೋಗೆ ಹೋಗಿ ಸ್ಕಾಟಿಷ್ ಸಾಹಿತ್ಯದಲ್ಲಿ ಪಿಎಚ್.ಡಿ. ಮಾಡುವ ಆಸೆ. ಮನೆಯಲ್ಲಿ, ಅದೂ ಇಂಗ್ಲಿಷೇ ಅಲ್ವಾ, ಅದನ್ನು ನಂಬಿಕೊಂಡು ಬದುಕೋಕಾಗುತ್ತಾ ಅಂತಾರೆ. ಏನು ಹೇಳಲಿ?'

ಸಂಪಾದಕರ ಉತ್ತರ: ಮನೆಯವರು ಕೇಳಿದ ಮೊದಲ ಪ್ರಶ್ನೆಯೇ ನಿಮ್ಮ ಸಂಶೋಧನೆಯ ವಿಷಯ.

ಸ್ಕಾಟ್‌ಲೆಂಡಿನ ಕವಿ ರಾಬರ್ಟ್ ಬರ್ನ್ಸ್‌ನ 'ಟ್ಯಾಮ್ ಓ ಶಾಂಟರ್' ಕವನ ತೆಗೆದು ನೋಡಿ. ಸಂತೆ ಮುಗಿದಿದೆ. ಟ್ಯಾಮ್ ಹೆಂಡದಂಗಡಿಯಲ್ಲಿ ಬೆಂಕಿಯ ಪಕ್ಕ ಕೂತು ಕುಡಿಯುತ್ತಿದ್ದಾನೆ. ಮನೆಯಲ್ಲಿ ಹೆಂಡತಿ ತನ್ನ ಸಿಟ್ಟು ಆರದ ಹಾಗೆ ಕಾಪಾಡಿಕೊಂಡು ಕಾಯುತ್ತಿದ್ದಾಳೆ. ಇದೆಲ್ಲ ಸ್ಕಾಟ್ಸ್‌ನಲ್ಲಿದೆ, ಅಂದರೆ ಇಂಗ್ಲಿಷಿಗೆ ಹತ್ತಿರವಾದರೂ ಬೇರೆಯೇ ಆದ ಸ್ಕಾಟ್‌ಲೆಂಡಿನ ನುಡಿಯಲ್ಲಿ. ಸುಖ ಅನ್ನೋದು ಗಸಗಸೆ ಹೂವಿನ ಹಾಗೆ, ಹಿಡಿದರೆ ಉದುರುತ್ತದೆ ಅನ್ನುವ ಜಾಗಕ್ಕೆ ಬಂದಾಗ ಕವಿ ಥಟ್ಟನೆ ಇಂಗ್ಲಿಷಿಗೆ ಹೊರಳುತ್ತಾನೆ. ಯಾಕೆ? ಸ್ಕಾಟ್ ಜನ ಒಂದು ಭಾಷೆಯಲ್ಲಿ ಭಾವಿಸುತ್ತಾರೆ, ಇನ್ನೊಂದರಲ್ಲಿ ಯೋಚಿಸುತ್ತಾರೆ, ಹಾಗಾಗಿ ಇಂಗ್ಲಿಷಿನಲ್ಲೇ ಬರೆಯುವುದು ಸರಿ ಎಂದು ಸ್ಕಾಟಿಷ್ ಕವಿ ಎಡ್ವಿನ್ ಮ್ಯೂರ್ 1936ರಲ್ಲಿ ವಾದಿಸಿದ. ಹತ್ತು ವರ್ಷ ಮೊದಲೇ ಸ್ಕಾಟ್ಸ್‌ನಲ್ಲಿ ದೊಡ್ಡ ಕಾವ್ಯ ಬರೆದು ತೋರಿಸಿದ್ದ ಇನ್ನೊಬ್ಬ ಕವಿ ಹ್ಯೂ ಮ್ಯಾಕ್‌ಡಯರ್ಮಿಡ್‌ಗೆ ಇದನ್ನು ಸಹಿಸಲಾಗಲಿಲ್ಲ. ಇಬ್ಬರ ಸ್ನೇಹವೇ ಮುರಿಯಿತು. ನನ್ನ ಮಟ್ಟಿಗೆ ಮ್ಯೂರ್ ಹೇಳಿದ್ದು ತಪ್ಪು. ಎರಡು ನುಡಿಗಳ ನಡುವೆ ಓಡಾಡುವುದು ಕೊರತೆಯಲ್ಲ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರ ಊರಿನವರು ನೀವು, ನಿಮಗೆ ಇದನ್ನು ಬಿಡಿಸಿ ಹೇಳಬೇಕಾ?

ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಸಾಹಿತ್ಯಕ್ಕೇ ಬೇರೆ ವಿಭಾಗ ಆಗಿದ್ದು 1971ರಲ್ಲಿ. 1979ರ ಜನಮತದಲ್ಲಿ ಸ್ಕಾಟ್‌ಲೆಂಡಿಗೆ ಸ್ವಂತ ಶಾಸನಸಭೆ ಕೈತಪ್ಪಿತು, ಸಿಕ್ಕಿದ್ದು 1999ರಲ್ಲಿ. ಆ ಇಪ್ಪತ್ತು ವರ್ಷ ಸಂಶೋಧಕರು ಸುಮ್ನೆ ಕೂರಲಿಲ್ಲ. ತಮ್ಮ ಸಾಹಿತ್ಯದ ಚರಿತ್ರೆಯನ್ನು ನಾಲ್ಕು ಸಂಪುಟಗಳಲ್ಲಿ ಬರೆದು ಹೊರತಂದರು. ಇಂಥ ಕೆಲಸಕ್ಕೆ ಒಂದು ಆಯುಸ್ಸು ಕೊಡಬಹುದು ಅಂತಲೇ ನನಗನ್ನಿಸುತ್ತದೆ.

ಹೊಟ್ಟೆಪಾಡಿನ ವಿಷಯ ಮುಚ್ಚಿಡಲ್ಲ. ಹುದ್ದೆಗಳು ಕಡಿಮೆ. ಬಹುತೇಕ ಕಡೆ ಇದನ್ನು ಇಂಗ್ಲಿಷ್ ವಿಭಾಗದೊಳಗೇ ಕಲಿಸುತ್ತಾರೆ. ಪಿಎಚ್.ಡಿ. ಆದಮೇಲೆ ಒಂದೆರಡು ವರ್ಷದ ಗುತ್ತಿಗೆ ಕೆಲಸ ಹಿಡಿದು ಊರೂರು ಅಲೆಯಬೇಕಾಗಬಹುದು. ವಿದ್ಯಾರ್ಥಿವೇತನ ಸಿಕ್ಕರೆ ಹೋಗಿ. ಸಾಲ ಮಾಡಿ ಮಾತ್ರ ಬೇಡ.

ಹೋಗುವ ಮೊದಲು ಲೂಯಿಸ್ ಗ್ರಾಸಿಕ್ ಗಿಬ್ಬನ್‌ನ 1932ರ ಕಾದಂಬರಿ 'ಸನ್‌ಸೆಟ್ ಸಾಂಗ್' ಅನ್ನು ಗಟ್ಟಿಯಾಗಿ ಓದಿ. ಅದರ ಕ್ರಿಸ್ ಎಂಬ ಹುಡುಗಿಯೊಳಗೆ ಇಬ್ಬರು ಕ್ರಿಸ್ ಇದ್ದಾರೆ. ಒಬ್ಬಳಿಗೆ ಪುಸ್ತಕದ ಇಂಗ್ಲಿಷ್ ಬೇಕು, ಇನ್ನೊಬ್ಬಳಿಗೆ ಹೊಲದ ಮಣ್ಣು, ಮನೆಯವರ ಸ್ಕಾಟ್ಸ್ ಮಾತು. ತಿಳಿಯದ ಪದ ಬಂದರೆ ಇಂಗ್ಲಿಷ್ ನಿಘಂಟು ತೆಗೆಯಬೇಡಿ. ಸ್ಕಾಟ್ಸ್‌ಗೆ ಅದರದ್ದೇ ನಿಘಂಟಿದೆ. 1931ರಿಂದ 1976ರವರೆಗೆ ಕೂತು ಮಾಡಿದ್ದು, ಹತ್ತು ಸಂಪುಟ. ಈಗ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.